ಆಸೇಧವೂ ನ್ಯಾಯಾಲಯದ ಆಜ್ಞೋಲ್ಲಂಘನೆಯೂ

ನ್ಯಾಯಾಲಯದ ಆಜ್ಞೆಯನ್ನು ಮೀರಿದವರನ್ನು ದಂಡಿಸುವ ಅಧಿಕಾರವು ಆಂಗ್ಲರ ಆಳ್ವಿಕೆಯೊಡನೆ ನಮ್ಮಲ್ಲಿಗೆ ಬಂದಿತೆಂಬ ಅಭಿಪ್ರಾಯ ರೂಢಿಯಲ್ಲಿದೆ. ಈಗಿನ ಶಾಸನದ ರೂಪವನ್ನು ಮಾತ್ರ ನೋಡಿದರೆ ಇದು ಸರಿಯೇ. ಆದರೆ ಆ ಅಧಿಕಾರದ ಮೂಲಭಾವವೂ, ಅದಕ್ಕಿಂತ ಮುಖ್ಯವಾಗಿ ಅದರ ಮಿತಿಯೂ, ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಂದು ಧರ್ಮಶಾಸ್ತ್ರಗ್ರಂಥದಲ್ಲಿ ದೊರೆಯುತ್ತವೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಆ ಗ್ರಂಥವು ವಿಜ್ಞಾನೇಶ್ವರನ ಮಿತಾಕ್ಷರಾ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ರಚಿತವಾದ ಈ ವ್ಯಾಖ್ಯಾನವು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ವಿವರಿಸುವಾಗ ನಾರದನ ವಚನಗಳನ್ನು ಆಧರಿಸಿ ‘ಆಸೇಧ’ವನ್ನು ನಿರೂಪಿಸುತ್ತದೆ. ಆಸೇಧವೆಂದರೆ ರಾಜಾಜ್ಞೆಯ ಬಲದಿಂದ ಪ್ರತಿವಾದಿಗೆ ಹಾಕುವ ತಡೆ. ಅದು ನಾಲ್ಕು ಬಗೆ: ಸ್ಥಳಕ್ಕೆ, ಕಾಲಕ್ಕೆ, ಪ್ರಯಾಣಕ್ಕೆ, ಕೆಲಸಕ್ಕೆ ಸಂಬಂಧಿಸಿದ್ದು. ಅದನ್ನು ಮೀರಿದವನು ದಂಡಾರ್ಹ. ಸಲ್ಲದವನ ಮೇಲೆ ಆಸೇಧ ಹಾಕಿಸಿದ ವಾದಿಯೂ ದಂಡಾರ್ಹನೇ.

ಇದಕ್ಕಿಂತ ಗಮನಾರ್ಹವಾದುವು ವಿನಾಯಿತಿಗಳು. ನದಿಯನ್ನು ದಾಟುತ್ತಿರುವವನು, ಕಾಡಿನಲ್ಲಿಯೋ ಉಪದ್ರವದಲ್ಲಿಯೋ ಸಿಕ್ಕಿಕೊಂಡವನು ಆಸೇಧವನ್ನು ಮೀರಿದರೂ ಅಪರಾಧಿಯಲ್ಲ. ರೋಗಪೀಡಿತನನ್ನು, ಬಿತ್ತನೆಯ ಕಾಲದಲ್ಲಿ ರೈತನನ್ನು, ದನ ಮೇಯಿಸುತ್ತಿರುವ ಗೋವಳನನ್ನು ತಡೆಯಲಾಗದು. ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯಂತಹ ಮಲೆನಾಡಿನ ಊರುಗಳನ್ನು ಬಲ್ಲವರಿಗೆ ಈ ವಿನಾಯಿತಿಗಳ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಆಷಾಢದಲ್ಲಿ ಹಳ್ಳಗಳು ತುಂಬಿ ಹರಿಯುವಾಗ ಕರೆಗೆ ಬಾರದವನೆಲ್ಲ ಉದ್ಧಟನಲ್ಲ.

ಈಗಿನ ಶಾಸನಕ್ಕೆ ಬರೋಣ. 1926ರ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ನ್ಯಾಯಾಲಯ ನಿಂದನೆಯ ಶಿಕ್ಷೆಗೆ ಮೇರೆಯನ್ನು ಹಾಕಿತು: ಆರು ತಿಂಗಳ ಸಾದಾ ಸಜೆ, ಎರಡು ಸಾವಿರ ರೂಪಾಯಿ ಜುಲ್ಮಾನೆ. 1971ರ ಕಾಯಿದೆಯೂ ಇದೇ ಮೇರೆಯನ್ನು ಉಳಿಸಿಕೊಂಡಿದೆ. ಅದರಂತೆ ಸಿವಿಲ್ ನಿಂದನೆಯೆನಿಸಲು ಉಲ್ಲಂಘನೆಯು ಬುದ್ಧಿಪೂರ್ವಕವಾಗಿರಬೇಕು. ಈ ಒಂದು ಪದದಲ್ಲಿ ನಾರದನ ವಿನಾಯಿತಿಗಳ ಆಶಯವೆಲ್ಲ ಅಡಕವಾಗಿದೆ ಎನ್ನಬಹುದು. ಭೇದವೊಂದುಂಟು: ಸ್ಮೃತಿಯು ಅಸಾಮರ್ಥ್ಯದ ಸಂದರ್ಭಗಳನ್ನು ಮೊದಲೇ ಎಣಿಸಿಟ್ಟಿತು, ಈಗ ಅದನ್ನು ನ್ಯಾಯಾಲಯದ ಮುಂದೆ ನಿರೂಪಿಸಬೇಕು.

ಈ ಭೇದದ ಮಹತ್ವವನ್ನು 2002ರ ಎರಡು ಪ್ರಸಂಗಗಳು ತಿಳಿಸುತ್ತವೆ. ಆ ವರ್ಷ ಮಳೆ ಕಡಮೆಯಾಗಿ, ತಮಿಳುನಾಡಿಗೆ ಕಾವೇರಿಯ ನೀರನ್ನು ಬಿಡಬೇಕೆಂಬ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯನ್ನು ಕರ್ನಾಟಕ ಸರ್ಕಾರವು ಪಾಲಿಸದೆ ಹೋಯಿತು. ನಿಂದನೆಯ ಅರ್ಜಿ ಬಂದಿತು. ಕೊನೆಗೆ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಬೇಷರತ್ತಾಗಿ ಕ್ಷಮೆ ಯಾಚಿಸಿದರು. ರೈತರ ಕಷ್ಟ ನಿಜವಾಗಿತ್ತು. ಆದರೆ ಆಜ್ಞೆಯನ್ನು ಪಾಲಿಸಲಾಗದೆಂಬ ತೀರ್ಮಾನವನ್ನು ಪಕ್ಷಗಾರನೇ ಕೈಗೊಳ್ಳುವಂತಿರಲಿಲ್ಲ. ಅದೇ ವರ್ಷದ ಅಕ್ಟೋಬರ್ 30ರಂದು ಅದೇ ನ್ಯಾಯಾಲಯವು, ಬಸರೀಕಟ್ಟೆಯಿರುವ ಚಿಕ್ಕಮಗಳೂರು ಜಿಲ್ಲೆಯದೇ ಆದ ಕುದುರೆಮುಖದ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಲು 2005ರ ಅಂತ್ಯದವರೆಗೆ ಅವಧಿ ಕೊಟ್ಟಿತು. ಅವಧಿ ಮುಗಿದಾಗ ಗಣಿಯೂ ನಿಂತಿತು.

ಆಜ್ಞೆಯ ಗೌರವವು ದಂಡದಿಂದ ಮಾತ್ರ ಉಳಿಯುವುದಿಲ್ಲ. ಪಾಲಿಸಲು ಸಾಧ್ಯವಾದುದನ್ನೇ ವಿಧಿಸುವ ವಿವೇಕದಿಂದಲೂ ಉಳಿಯುತ್ತದೆ. ಕಷ್ಟವಿದ್ದವನು ಅದನ್ನು ನ್ಯಾಯಪೀಠದ ಮುಂದಿಡಬೇಕು. ಪೀಠವು ಅದನ್ನು ಕಿವಿಗೊಟ್ಟು ಕೇಳಬೇಕು. ಕಲ್ಯಾಣದ ವ್ಯಾಖ್ಯಾನಕಾರನಿಂದ ನಾವು ಇಂದಿಗೂ ಕಲಿಯಬಹುದಾದ ಪಾಠವಿದು.