ಬಾಡಿಗೆ ಬಂದೂಕಿಗೆ ಯಾರ ಸಹಿ?

1991ರಲ್ಲಿ ಸಿಯಾದ್ ಬರ್ರೆಯ ಆಡಳಿತ ಕುಸಿದ ಮೇಲೆ ಸೊಮಾಲಿಯಾದಲ್ಲಿ ಕರೆದರೆ ಬರುವ ಪೊಲೀಸರೇ ಇರಲಿಲ್ಲ. ಮೊಗದಿಶು ಬಂದರಿನಿಂದ ಹಸಿದ ಊರುಗಳಿಗೆ ಧಾನ್ಯ ಹೊರಡಬೇಕಾದರೆ ಅಲ್ಲಿನ ಕುಲಗಳ ಬಂದೂಕುಧಾರಿಗಳಿಗೆ ಕೂಲಿ ಕೊಡಬೇಕಿತ್ತು. ಆಯುಧದ ನೆರಳೂ ಬೇಡವೆನ್ನುತ್ತಿದ್ದ ರೆಡ್‌ಕ್ರಾಸ್ ಕೂಡ ಅಲ್ಲಿ ಸಶಸ್ತ್ರ ಕಾವಲಿಗೆ ಒಪ್ಪಿಕೊಂಡಿತು. ಹಸಿವಿನ ಮುಂದೆ ಆ ತೀರ್ಮಾನವನ್ನು ತಪ್ಪೆನ್ನಲಾರೆ. ಆದರೆ ಅದು ರೂಢಿಯಾಗಿ ಬೆಳೆದು, ಅದಕ್ಕೆ ವಿಶ್ವಸಂಸ್ಥೆಯ ಲಿಖಿತ ನಿಯಮವೊಂದು ಬರಲು ಎರಡು ದಶಕ ಹಿಡಿಯಿತಲ್ಲ, ಆ ವಿಳಂಬವನ್ನು ಒಪ್ಪಲಾಗದು. ಗುಂಡು ಹಾರಿದರೆ ಉತ್ತರಿಸಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಅಷ್ಟು ಕಾಲ ಅಲ್ಲಿ ಯಾರೂ ಕೈಗೆತ್ತಿಕೊಳ್ಳಲಿಲ್ಲ.

ವಿಶ್ವಸಂಸ್ಥೆಗೆ ಈ ಇಕ್ಕಟ್ಟು ಗೊತ್ತಿಲ್ಲದ್ದೇನಲ್ಲ. ಬಾಡಿಗೆ ಸೈನಿಕರ ವಿರುದ್ಧದ ಒಪ್ಪಂದವನ್ನು ಅದರ ಮಹಾಸಭೆಯೇ 1989ರಲ್ಲಿ ಅಂಗೀಕರಿಸಿತ್ತು. ಐದೇ ವರ್ಷದಲ್ಲಿ ರುವಾಂಡದ ನಿರಾಶ್ರಿತರು ಜೈರಿನ (ಇಂದಿನ ಕಾಂಗೊ) ಶಿಬಿರಗಳಿಗೆ ನುಗ್ಗಿದಾಗ, ನರಮೇಧ ನಡೆಸಿದವರೂ ಅವರ ನಡುವೆಯೇ ಬಂದು ನೆಲೆಸಿದರು. ಅವರನ್ನು ಬೇರ್ಪಡಿಸಲು ಖಾಸಗಿ ಕಂಪನಿಯೊಂದನ್ನು ನೇಮಿಸುವ ಯೋಚನೆ ಬಂದಿತ್ತೆಂದೂ, ಶಾಂತಿಯನ್ನು ಖಾಸಗಿಯವರ ಕೈಗೊಪ್ಪಿಸಲು ಜಗತ್ತು ಇನ್ನೂ ಸಿದ್ಧವಿಲ್ಲವೆನಿಸಿತೆಂದೂ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ 1998ರಲ್ಲಿ ಬಹಿರಂಗವಾಗಿಯೇ ಹೇಳಿದರು. ಕಂಪನಿಯ ಬದಲು ಶಿಬಿರಗಳಿಗೆ ಬಂದದ್ದು ಜೈರಿನ ಅಧ್ಯಕ್ಷ ಮೊಬುಟುವಿನ ಸೈನಿಕರು. ಅವರ ಭತ್ಯೆ ಹೋದದ್ದು ನಿರಾಶ್ರಿತರ ಹೈಕಮಿಷನರ್ ಕಚೇರಿಯಿಂದ. ಕಂಪನಿ ಬೇಡವೆಂದ ಮಾತ್ರಕ್ಕೆ ಹಣ ಕೊಟ್ಟು ಬಂದೂಕು ಪಡೆಯುವ ಪ್ರಶ್ನೆ ತಪ್ಪಲಿಲ್ಲ.

ಮುಂದಿನ ಹತ್ತು ವರ್ಷ ಒಂದಾದ ಮೇಲೊಂದು ಏಟು. 2003ರ ಆಗಸ್ಟ್ 19ರಂದು ವಿಶ್ವಸಂಸ್ಥೆಯ ಕಚೇರಿಯಿದ್ದ ಬಾಗ್ದಾದಿನ ಕೆನಾಲ್ ಹೋಟೆಲ್ ಸ್ಫೋಟದಲ್ಲಿ ಅದರ ವಿಶೇಷ ಪ್ರತಿನಿಧಿ ಸೆರ್ಜಿಯೊ ವಿಯೇರಾ ಡಿ ಮೆಲ್ಲೊ ಸೇರಿ 22 ಮಂದಿ ಸತ್ತರು. 2007ರಲ್ಲಿ ಅದೇ ನಗರದ ನಿಸೂರ್ ಚೌಕದಲ್ಲಿ ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರಿನ ಕಾವಲುಗಾರರು 17 ನಾಗರಿಕರನ್ನು ಕೊಂದರು. ಕಾವಲಿಲ್ಲದೆ ಹೋದರೆ ಸಾವು, ಕಾವಲಿನವನ ಕೈಯಲ್ಲೂ ಸಾವು. ಇಂಥ ಕಂಪನಿಗಳ ಬಗ್ಗೆ ದೇಶಗಳು ಒಪ್ಪಿದ 2008ರ ಮೊಂಟ್ರೂ ದಾಖಲೆ ಮತ್ತು ಕಂಪನಿಗಳೇ ಸಹಿ ಹಾಕಿದ 2010ರ ನೀತಿಸಂಹಿತೆ ಇದಕ್ಕೆ ಬಂದ ಉತ್ತರಗಳು. ವಿಶ್ವಸಂಸ್ಥೆಯ ಸ್ವಂತ ಮಾರ್ಗಸೂಚಿ ಬಂದದ್ದು 2012ರ ನವೆಂಬರಿನಲ್ಲಿ: ಆತಿಥೇಯ ದೇಶ, ಇತರ ಸದಸ್ಯ ದೇಶಗಳು, ತನ್ನದೇ ಭದ್ರತಾ ಸಿಬ್ಬಂದಿ, ಈ ಮೂರೂ ದಾರಿ ಮುಚ್ಚಿದಾಗ ಮಾತ್ರ ಖಾಸಗಿ ಸಶಸ್ತ್ರ ಕಾವಲು. ಕಂಪನಿಗೆ ಕನಿಷ್ಠ ಐದು ವರ್ಷದ ಅನುಭವವಿರಬೇಕು, ಅದು ನೀತಿಸಂಹಿತೆಗೆ ಬದ್ಧವಾಗಿರಬೇಕು, ಕಾವಲುಗಾರರ ಹಿನ್ನೆಲೆ ಪರಿಶೀಲನೆಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸುರಕ್ಷತೆ ಮತ್ತು ಭದ್ರತೆಯ ಅಧೀನ ಮಹಾಕಾರ್ಯದರ್ಶಿಯ ಒಪ್ಪಿಗೆ ಬೇಕು. ಸ್ಥಳೀಯ ಕಚೇರಿಯ ಖರೀದಿಯಂತೆ ನಡೆದುಹೋಗಬಹುದಾಗಿದ್ದ ಕೆಲಸ ಒಬ್ಬ ಹಿರಿಯ ಅಧಿಕಾರಿಯ ಸಹಿಗೆ ಬಂದು ನಿಂತಿತು. ಈ ನಿಯಮದ ಸತ್ವವಿರುವುದು ಇಲ್ಲೇ.

ಅಪಾಯ ಬಾಗಿಲಲ್ಲಿರುವಾಗ ನ್ಯೂಯಾರ್ಕಿನ ಸಹಿಗೆ ಕಾಯಬೇಕೆ ಎಂದು ಕೇಳುವವರಿದ್ದಾರೆ. 2011ರ ಏಪ್ರಿಲ್ 1ರಂದು ಅಫ್ಘಾನಿಸ್ತಾನದ ಮಜಾರ್-ಇ-ಶರೀಫಿನ ವಿಶ್ವಸಂಸ್ಥೆ ಕಚೇರಿಗೆ ಉದ್ರಿಕ್ತ ಗುಂಪು ನುಗ್ಗಿದಾಗ ಮೂವರು ಸಿಬ್ಬಂದಿಯೊಂದಿಗೆ ನಾಲ್ವರು ನೇಪಾಳಿ ಕಾವಲುಗಾರರೂ ಹತರಾದರು. ಅಲ್ಲಿ ಸಶಸ್ತ್ರ ಕಾವಲು ಮೊದಲೇ ಇತ್ತು. ಸಹಿಯ ನಿಯಮ ಆಗಿನ್ನೂ ಬಂದಿರಲಿಲ್ಲ; ಸಹಿಯ ವಿಳಂಬ ಅವರನ್ನು ಕೊಲ್ಲಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದು ಸಂಸ್ಥೆ ತನಗೆ ತಾನೇ ಹಾಕಿಕೊಂಡ ನಿಯಮ, ಹೊರಗಿನವನಿಗೆ ಇದರಿಂದೇನು? ಈ ಮಾತು ನಿಜ. ವಿಶೇಷಾಧಿಕಾರ ಮತ್ತು ವಿನಾಯಿತಿಗಳ 1946ರ ಒಪ್ಪಂದದ ಪ್ರಕಾರ ವಿಶ್ವಸಂಸ್ಥೆಯನ್ನು ಸ್ಥಳೀಯ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಗುಂಡೇಟು ತಿಂದ ದಾರಿಹೋಕ ಕಾವಲಿನ ಕರಾರಿನಲ್ಲಿ ಎಲ್ಲೂ ಇಲ್ಲ. ಅವನು 2013ರಲ್ಲಿ ಸ್ಥಾಪನೆಯಾದ ಜಿನೀವಾದ ನೀತಿಸಂಹಿತೆ ಸಂಘಕ್ಕೆ ದೂರು ಕೊಡಬಹುದು. ಆ ಸಂಘ ಕಂಪನಿಗೆ ವಿಧಿಸಬಲ್ಲ ಅತಿದೊಡ್ಡ ಶಿಕ್ಷೆ ಸದಸ್ಯತ್ವ ರದ್ದತಿ.