ಅರ್ಜಿ, ಮಹಜರು, ಮಂಜೂರಾತಿ: ಬಿಳಿಚೋಡು ಹೋಬಳಿಯಿಂದ ನೋಡಿದಾಗ ವೃದ್ಧಾಪ್ಯ ವೇತನದ ಆಡಳಿತ ಚರಿತ್ರೆ

ಜಗಳೂರು ತಾಲ್ಲೂಕಿನ ಮೂರು ಹೋಬಳಿಗಳಲ್ಲಿ ಬಿಳಿಚೋಡು ಒಂದು. ಕಸಬಾ ಮತ್ತು ಸೊಕ್ಕೆ ಉಳಿದೆರಡು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಇಲ್ಲಿನದು ಮಳೆಯನ್ನೇ ನೆಚ್ಚಿದ ಬೇಸಾಯ. ಮೆಕ್ಕೆಜೋಳ, ಶೇಂಗಾ, ರಾಗಿ, ಈರುಳ್ಳಿ ಇಲ್ಲಿನ ಬೆಳೆಗಳು. ಮಳೆ ಹೋದ ವರ್ಷ ದುಡಿಯುವ ಕೈಗಳು ಗುಳೆ ಹೋಗುತ್ತವೆ, ಮನೆ ಕಾಯಲು ವಯಸ್ಸಾದವರು ಉಳಿಯುತ್ತಾರೆ. ಇಂಥ ಮನೆಗಳಿಗೆ ತಿಂಗಳಿಗೊಮ್ಮೆ ಬರುವ ಸರ್ಕಾರದ ಹಣ ಉಪ್ಪು, ಎಣ್ಣೆ, ಬಿ.ಪಿ. ಮಾತ್ರೆಯ ಹಣ. ಆ ಹಣ ಯಾರ ಕೈಯಿಂದ, ಯಾವ ಪುಸ್ತಕದ ಮೂಲಕ, ಯಾರ ಮಾತಿನ ಮೇಲೆ ಬರುತ್ತ ಬಂದಿದೆ ಎಂಬುದು ಈ ಲೇಖನದ ವಿಷಯ. ನನ್ನ ವಾದ ಇಷ್ಟು. ಕಳೆದ ಆರು ದಶಕಗಳಲ್ಲಿ ಕಂದಾಯ ಇಲಾಖೆ ತನ್ನ ಲೆಕ್ಕವನ್ನು ಬಿಗಿ ಮಾಡಿಕೊಂಡಾಗಲೆಲ್ಲ ‘ನಾನು ಅರ್ಹಳು’ ಎಂದು ಸಾಬೀತುಪಡಿಸುವ ಹೊರೆ ಅರ್ಜಿದಾರಳ ಹೆಗಲಿಗೆ ಸರಿದಿದೆ. ಹೀಗಾಗಿ ವೃದ್ಧಾಪ್ಯ ವೇತನದ ಚರಿತ್ರೆಯೆಂದರೆ ಬಹುಮಟ್ಟಿಗೆ ಪುರಾವೆಗಳ ಚರಿತ್ರೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಕರ್ನಾಟಕದಲ್ಲಿ ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ ಯಾವುದೂ ಸಮಾಜ ಕಲ್ಯಾಣ ಇಲಾಖೆಯ ಕೈಯಲ್ಲಿಲ್ಲ. ಅವು ಕಂದಾಯ ಇಲಾಖೆಯವು, ಅದರ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಅಡಿಯಲ್ಲಿವೆ. ಮಂಜೂರು ಮಾಡುವವರು ತಹಶೀಲ್ದಾರರು. ಬಜೆಟ್ ಪುಸ್ತಕ ತೆರೆದರೆ ಒಂದೇ ಮನೆಯವರು ಬೇರೆ ಬೇರೆ ಲೆಕ್ಕ ಶೀರ್ಷಿಕೆಗಳಲ್ಲಿ ಹಂಚಿಹೋಗಿರುವುದು ಕಾಣುತ್ತದೆ. ಅಜ್ಜಿಯ ವೇತನ 2235ನೇ ಪ್ರಧಾನ ಶೀರ್ಷಿಕೆಯಲ್ಲಿ, ಪರಿಶಿಷ್ಟ ಪಂಗಡದ ಹಾಸ್ಟೆಲಿನಲ್ಲಿ ಓದುವ ಮೊಮ್ಮಗನ ಖರ್ಚು 2225ರಲ್ಲಿ, ಪೌಷ್ಟಿಕ ಆಹಾರದ ಬಾಬ್ತು 2236ರಲ್ಲಿ. ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ, 2008ರಿಂದ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರವಾಗಿರುವ ಜಗಳೂರಿನಲ್ಲಿ ಹಲವು ಮನೆಗಳ ಚಿತ್ರ ಇದು. ಮೂರು ಇಲಾಖೆ, ಮೂರು ಕಡತ. ವೇತನಕ್ಕೂ ಹಾಸ್ಟೆಲಿಗೂ ಬೇಕಾದದ್ದು ಅದೇ ಜಾತಿ–ಆದಾಯ ಪ್ರಮಾಣಪತ್ರ. ಆ ಪ್ರಮಾಣಪತ್ರ ಹೊರಡುವುದು ಮಾತ್ರ ಒಂದೇ ಜಾಗದಿಂದ, ಹೋಬಳಿಯ ನಾಡಕಚೇರಿಯಿಂದ.

ಕಂದಾಯ ಇಲಾಖೆಗೇ ಈ ಕೆಲಸ ಏಕೆ ಬಂತು ಎನ್ನುವುದಕ್ಕೆ ಉತ್ತರ ಬರಗಾಲದ ಆಡಳಿತದಲ್ಲಿದೆ. 1876–78ರ ಕ್ಷಾಮ ಮೈಸೂರು ಸಂಸ್ಥಾನವನ್ನು ಎಷ್ಟು ಬಡಿಯಿತೆಂದರೆ 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಇಳಿದಿತ್ತು. ಸಂಸ್ಥಾನದ ಕ್ಷಾಮ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ ಆ ಕ್ಷಾಮದ ವರದಿ ಬರೆದರು. ಮುಂದೆ ಭಾರತದ ಕ್ಷಾಮ ಆಯೋಗಕ್ಕೆ ಅವರೇ ಕಾರ್ಯದರ್ಶಿ. ಆ ಆಯೋಗದ ಶಿಫಾರಸಿನಿಂದ 1880ರ ದಶಕದಲ್ಲಿ ರೂಪುಗೊಂಡ ಕ್ಷಾಮ ಸಂಹಿತೆಗಳು ಜನರನ್ನು ಎರಡು ಪಾಲು ಮಾಡಿದವು. ದುಡಿಯಬಲ್ಲವರಿಗೆ ಕಾಮಗಾರಿ. ದುಡಿಯಲಾರದ ಮುದುಕರು, ಕುರುಡರು, ಅಂಗವಿಕಲರು, ಅವರನ್ನು ನೋಡಿಕೊಳ್ಳುವವರಿಗೆ ಊರಿನಲ್ಲೇ ಪುಕ್ಕಟೆ ನೆರವು. ಈ ಎರಡನೆಯವರ ಪಟ್ಟಿ ಬರೆಯುವ ಹೊಣೆ ಗ್ರಾಮಾಧಿಕಾರಿಗಳದು, ಅದನ್ನು ತಾಳೆ ನೋಡುವುದು ಮೇಲಿನ ತನಿಖಾಧಿಕಾರಿಯ ಕೆಲಸ. ಗ್ರಾಮ ಲೆಕ್ಕಿಗರ (ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳ) ವರದಿ, ರಾಜಸ್ವ ನಿರೀಕ್ಷಕರ ಪರಿಶೀಲನೆ, ತಹಶೀಲ್ದಾರರ ಆದೇಶ ಎಂಬ ಮೆಟ್ಟಿಲುಗಳ ಅಡಿಗಲ್ಲು ಅಲ್ಲಿದೆ. ಯಾರು ನಿರ್ಗತಿಕರು ಎಂದು ಗುರುತಿಸುವ ವಿದ್ಯೆಯನ್ನು ನಮ್ಮ ಆಡಳಿತ ಕಲಿತದ್ದು ಕ್ಷಾಮದಲ್ಲಿ. ಅದರಿಂದಲೇ ಅದಕ್ಕೆ ಅನುಮಾನದ ಕಣ್ಣೂ ಅಂಟಿಕೊಂಡಿತು. ದುಡಿಯಬಲ್ಲವನು ಪುಕ್ಕಟೆ ಪಟ್ಟಿಗೆ ನುಸುಳಿಬಿಟ್ಟಾನು ಎಂಬ ಭಯ ಆ ಸಂಹಿತೆಗಳ ಉದ್ದಕ್ಕೂ ಇದೆ.

ಸ್ವಾತಂತ್ರ್ಯಾನಂತರ ವೃದ್ಧಾಪ್ಯ ವೇತನವನ್ನು ಮೊದಲು ತಂದ ರಾಜ್ಯ ಉತ್ತರ ಪ್ರದೇಶ, 1957ರಲ್ಲಿ. ಮೈಸೂರು ರಾಜ್ಯ ತಂದದ್ದು 1965ರಲ್ಲಿ. ಈ ವರ್ಷವನ್ನು ಇನ್ನೊಂದು ವರ್ಷದ ಪಕ್ಕದಲ್ಲಿಟ್ಟು ನೋಡಬೇಕು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಕೊನೆಗೊಂಡದ್ದು 1963ರಲ್ಲಿ. ಅಂದರೆ ಊರಿನ ಪ್ರತಿ ಮನೆಯ ವಯಸ್ಸು, ಒಲೆ, ಸಾಲ, ಜಗಳ ಬಲ್ಲ ಶಾನುಭೋಗರು ಹೋಗಿ ನೇಮಕಗೊಂಡ ಗ್ರಾಮ ಲೆಕ್ಕಿಗರು ಬಂದ ಎರಡೇ ವರ್ಷಕ್ಕೆ, ಅವರ ಕೈಗೆ ಈ ಕೆಲಸ ಬಂತು. ಶಾನುಭೋಗರ ಕಾಲವನ್ನು ನೆನೆದು ಕರಗುವವನು ನಾನಲ್ಲ. ಊರೊಳಗಿನ ಆ ತಿಳಿವಳಿಕೆಗೆ ಜಾತಿಯ ಬೇಲಿ ಇತ್ತು. ಹಟ್ಟಿಯ ಮುದುಕಿಯ ಹೆಸರು ಅವರ ಪಟ್ಟಿಯಲ್ಲಿ ಎಷ್ಟು ಸುಲಭವಾಗಿ ಬರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೊಸಬರಾದ ಗ್ರಾಮ ಲೆಕ್ಕಿಗರಿಗೆ ಆ ಬೇಲಿಯ ಹಂಗು ಕಡಿಮೆ, ಆದರೆ ಊರಿನ ಪರಿಚಯವೂ ಕಡಿಮೆ. ಪರಿಚಯ ಇಲ್ಲದ ಕಡೆ ಕಾಗದ ಬೇಕಾಗುತ್ತದೆ. ವಯಸ್ಸಿನ ದಾಖಲೆ, ಆದಾಯದ ದಾಖಲೆ, ವಾಸದ ದಾಖಲೆ ಒಂದೊಂದಾಗಿ ಅರ್ಜಿಗೆ ಅಂಟಿಕೊಂಡದ್ದು ಈ ಕಾರಣಕ್ಕೆ.

ಹಳೆಯ ಪದ್ಧತಿಯ ಕಡತ ಹೀಗೆ ಸಾಗುತ್ತಿತ್ತು. ಅರ್ಜಿ ತಾಲ್ಲೂಕು ಕಚೇರಿಯಿಂದ ಇಳಿದು ಗ್ರಾಮ ಲೆಕ್ಕಿಗರಿಗೆ ಬರುವುದು. ಅವರು ಸ್ಥಳಕ್ಕೆ ಹೋಗಿ, ಪಂಚರ ಸಹಿ ಪಡೆದು ಮಹಜರು ಬರೆಯುವುದು. ರಾಜಸ್ವ ನಿರೀಕ್ಷಕರ ಶಿಫಾರಸು. ತಹಶೀಲ್ದಾರರ ಮಂಜೂರಾತಿ ಆದೇಶ. ಆದೇಶದ ಪ್ರತಿ ಉಪಖಜಾನೆಗೆ. ಅಲ್ಲಿಂದ ತಿಂಗಳಿಗೊಮ್ಮೆ ಮನಿಯಾರ್ಡರ್. ಅಂಚೆಯಣ್ಣ ಹಣ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ ರಸೀದಿಯೇ ಹಣ ಸಂದಾಯವಾದುದಕ್ಕೆ ಸಾಕ್ಷಿ. ಈ ವ್ಯವಸ್ಥೆಯಲ್ಲಿ ಸೋರಿಕೆಗೆ ದಾರಿಗಳಿದ್ದವು. ಹೆಬ್ಬೆಟ್ಟಿನ ಗುರುತು ಯಾರದೆಂದು ಖಜಾನೆಯಲ್ಲಿ ಕೂತು ಹೇಳಲಾಗದು. ಆದರೂ ಅದರಲ್ಲಿ ಒಂದು ಗುಣವಿತ್ತು: ಹಣ ಜಗುಲಿಗೆ ಬರುತ್ತಿತ್ತು. ಬಾರದಿದ್ದರೆ ಕೇಳಬೇಕಾದ ಮುಖ ಯಾವುದೆಂದು ಅಜ್ಜಿಗೆ ಗೊತ್ತಿತ್ತು.

1984ರಲ್ಲಿ ನಿರ್ಗತಿಕ ವಿಧವಾ ವೇತನ ಬಂತು. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದೊಂದಿಗೆ ಕೇಂದ್ರವೂ ಕೈಜೋಡಿಸಿತು. 65 ದಾಟಿದವರಿಗೆ ಅದರ ಪಾಲು ಆಗ ತಿಂಗಳಿಗೆ 75 ರೂಪಾಯಿ. ಅದು 200 ಆದದ್ದು 2006ರಲ್ಲಿ. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ರೂಪಾಯಿ ಗೊತ್ತಾಯಿತು. 60ರಿಂದ 79ರವರೆಗಿನವರಿಗೆ ಆ 200 ಹಾಗೇ ನಿಂತಿತು. ಈ ನಡುವೆ 2007ರಲ್ಲಿ ರಾಜ್ಯ ಸಂಧ್ಯಾ ಸುರಕ್ಷಾ ಯೋಜನೆ ತಂದು 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮತ್ತಿತರ ಅಸಂಘಟಿತ ದುಡಿಮೆಗಾರರಿಗೆ 400 ರೂಪಾಯಿ ಕೊಟ್ಟಿತು. ಜಗಳೂರಿನಂಥ ತಾಲ್ಲೂಕಿನಲ್ಲಿ ಇದರ ಹೊರಗೆ ಉಳಿಯುವ ಮುದುಕರು ಎಷ್ಟು ಮಂದಿ ಇದ್ದಾರು? ಯೋಜನೆ ಹಿಗ್ಗಿದಂತೆ ಶರತ್ತುಗಳೂ ಬಂದವು. ವರ್ಷದ ಆದಾಯ ಆಗ 20,000 ಮೀರಬಾರದಿತ್ತು, ಠೇವಣಿ 10,000 ದಾಟಬಾರದಿತ್ತು. ಬದುಕಿನ ಕೊನೆಗೆಂದು, ಮಣ್ಣಿನ ಖರ್ಚಿಗೆಂದು ಒಂದಿಷ್ಟು ಹಣ ಕೂಡಿಟ್ಟ ಹೆಣ್ಣುಮಗಳನ್ನು ಈ ಎರಡನೆಯ ಶರತ್ತು ತಪ್ಪಿತಸ್ಥಳನ್ನಾಗಿ ಮಾಡಿತು. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ವಯಸ್ಸಿನ ಪುರಾವೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. 2007ರಲ್ಲಿ 65 ತುಂಬಿದವರು ಹುಟ್ಟಿದ್ದು 1942ರ ಸುಮಾರಿಗೆ. ಶಾಲೆಯ ಮುಖ ನೋಡದ ಕೂಲಿ ಹೆಂಗಸಿಗೆ ಆ ಕಾಲದ ಯಾವ ದಾಖಲೆಯೂ ಇರದು. ಅವಳ ಲೆಕ್ಕ ಬರ ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಮೊದಲ ಮಗ ಹುಟ್ಟಿದ ವರ್ಷಗಳಲ್ಲಿ ಇರುತ್ತದೆ. ಹಾಗಾಗಿ ಮತದಾರರ ಗುರುತಿನ ಚೀಟಿಯ ವಯಸ್ಸು, ಪಡಿತರ ಚೀಟಿಯ ವಯಸ್ಸು, ವೈದ್ಯರು ನೋಡಿ ಬರೆದುಕೊಟ್ಟ ವಯಸ್ಸು ಇವೇ ಪುರಾವೆಗಳಾದವು. ಮೂರರಲ್ಲೂ ಮೂರು ಬೇರೆ ಅಂಕಿ ಇರುವುದು ಅಪರೂಪವೇನಲ್ಲ. ಆಧಾರ್ ಬಂದ ಮೇಲೆ ಒಂದೇ ಅಂಕಿ ಅಧಿಕೃತವಾಯಿತು. ಆದರೆ ಅದೂ ನೋಂದಣಿ ದಿನ ಬಾಯಿಮಾತಿನಲ್ಲಿ ಬರೆಸಿದ ಅಂದಾಜೇ. ಹುಟ್ಟಿದ ದಿನ ಗೊತ್ತಿಲ್ಲದ ಅನೇಕರಿಗೆ ಜನವರಿ 1 ಎಂದು ನಮೂದಾಯಿತು. ಅಂದು ಅವಸರದಲ್ಲಿ ಐದು ವರ್ಷ ಕಡಿಮೆ ಹೇಳಿದವಳು ಐದು ವರ್ಷದ ವೇತನ ಕಳೆದುಕೊಂಡಂತೆ. ಮಹಜರಿನಲ್ಲಿ ಊರವರು ‘ಈಕೆ ನಮ್ಮ ತಾಯಿಯ ವಾರಿಗೆಯವಳು’ ಎಂದು ಹೇಳಲು ಒಂದು ಸಾಲಿನ ಜಾಗವಿತ್ತು. ಗಣಕಯಂತ್ರದ ಅರ್ಜಿಯಲ್ಲಿ ಆ ಸಾಲಿಗೆ ಜಾಗವಿಲ್ಲ.

ಸಾವಿನ ದಾಖಲೆಯ ಸಮಸ್ಯೆ ಬೇರೆ ಬಗೆಯದು. ಸತ್ತವರ ಹೆಸರಿನಲ್ಲಿ ವೇತನ ಹೋಗುತ್ತಿದೆ ಎಂಬುದು ಲೆಕ್ಕಪರಿಶೋಧನೆಯ ಹಳೆಯ ಆಕ್ಷೇಪ. ಗ್ರಾಮೀಣ ಕರ್ನಾಟಕದಲ್ಲಿ ದೀರ್ಘಕಾಲ ಗ್ರಾಮ ಲೆಕ್ಕಿಗರೇ ಜನನ ಮರಣ ನೋಂದಣಾಧಿಕಾರಿ. ಮರಣ ಬರೆಯುವ ಕೈಯೂ ವೇತನಕ್ಕೆ ಶಿಫಾರಸು ಬರೆಯುವ ಕೈಯೂ ಒಂದೇ ಆಗಿದ್ದವು. ಆದರೂ ಒಂದು ಪುಸ್ತಕದ ನಮೂದು ಇನ್ನೊಂದಕ್ಕೆ ತಾನಾಗಿ ದಾಟುವ ದಾರಿ ಇರಲಿಲ್ಲ. ಅಂತರವನ್ನು ತುಂಬಲು ಇಲಾಖೆ ಆಗಾಗ ಸಾರಾಸಗಟು ಪರಿಶೀಲನೆ ನಡೆಸಿತು. ಪರಿಶೀಲನೆಯ ದಿನ ಮಗಳ ಮನೆಗೆ ಹೋಗಿದ್ದವರು, ಗುಳೆ ಹೋದ ಮಗನ ಜೊತೆ ಇದ್ದವರು ‘ವಾಸವಿಲ್ಲ’ ಎಂಬ ಷರಾದ ಕೆಳಗೆ ಬಂದರೆ ವೇತನ ನಿಂತಿತು. ನಿಂತದ್ದನ್ನು ಮರಳಿ ಪಡೆಯಲು ಮತ್ತೆ ಅರ್ಜಿ. ಬದುಕಿರುವುದನ್ನೂ ಸಾಬೀತುಪಡಿಸಬೇಕಾಯಿತು.

ಗಣಕೀಕರಣ ಇಲ್ಲಿಗೆ ಮೊದಲು ಬಂದದ್ದು ಹೊಲದ ಲೆಕ್ಕಕ್ಕೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕಕ್ಕೆ ಏರಿದ್ದು 2000ದ ಆಸುಪಾಸು. ‘ಖಜಾನೆ’ ಯೋಜನೆ ಖಜಾನೆಗಳನ್ನು ಒಂದು ಜಾಲಕ್ಕೆ ತಂದಿತು. 2006ರಲ್ಲಿ ಹೋಬಳಿಗೆ ಅರ್ಜಿ ಪಡೆದು ಪ್ರಮಾಣಪತ್ರ ಕೊಡುವ ನೆಮ್ಮದಿ ಕೇಂದ್ರ ಬಂತು, 2012ರಲ್ಲಿ ಆ ಕೆಲಸ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಕ್ಕೆ ಬಂತು. ಅದೇ ವರ್ಷ ಜಾರಿಗೆ ಬಂದ ಸಕಾಲ ಕಾಯಿದೆ ಸೇವೆಗಳಿಗೆ ಗಡುವು ಕಟ್ಟಿತು. ಬಿಳಿಚೋಡಿನ ಸುತ್ತಲ ಹಳ್ಳಿಯವರಿಗೆ ಇದು ನಿಜವಾದ ಅನುಕೂಲ. ಅರ್ಜಿ ಕೊಡಲು ಜಗಳೂರಿನವರೆಗೆ ಹೋಗಬೇಕಾಗಿಲ್ಲ, ಕೊಟ್ಟ ಅರ್ಜಿಗೆ ಸಂಖ್ಯೆಯಿರುವ ಸ್ವೀಕೃತಿ ಸಿಗುತ್ತದೆ, ಆ ಸಂಖ್ಯೆ ಹಿಡಿದು ಕೇಳಬಹುದು. ಅರ್ಜಿಯೇ ಕಳೆದುಹೋಯಿತೆಂಬ ಮಾತಿಗೆ ಆಸ್ಪದ ಕಡಿಮೆಯಾಯಿತು.

ಹಣ ಸಂದಾಯದ ಕತೆ ಅಷ್ಟು ನೇರವಲ್ಲ. ಮನಿಯಾರ್ಡರ್ ಹೋಗಿ ಬ್ಯಾಂಕ್, ಅಂಚೆ ಖಾತೆ ಬಂತು, ಬಳಿಕ ಆಧಾರ್ ಆಧಾರಿತ ನೇರ ನಗದು ವರ್ಗಾವಣೆ ಬಂತು. ಈ ಕೊನೆಯ ಪದ್ಧತಿಯಲ್ಲಿ ಹಣ ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದ ದಿನ ಜೋಡಣೆ ಬದಲಾದರೆ ವೇತನವೂ ಅಲ್ಲಿಗೆ ತಿರುಗುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾಳೆ. ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ’, ಅಂದರೆ ಆಧಾರಿಗೆ ಖಾತೆಯ ಜೋಡಣೆ ದಾಖಲಾಗಿಲ್ಲ, ಎಂಬ ಮಾತು ಈಗ ಹಳ್ಳಿಗಳಲ್ಲಿ ಎಲ್ಲರಿಗೂ ಪರಿಚಿತ. ತಪ್ಪು ಯಾರದು? ಬ್ಯಾಂಕಿನವರು ನಾಡಕಚೇರಿಗೆ ಹೋಗಿ ಎನ್ನುತ್ತಾರೆ, ನಾಡಕಚೇರಿಯವರು ಬ್ಯಾಂಕಿಗೆ ಹೋಗಿ ಎನ್ನುತ್ತಾರೆ. ಮೊಬೈಲಿನಲ್ಲಿ ಸಂದಾಯದ ವಿವರ ನೋಡಬಹುದು, ನಿಜ, ಆದರೆ ಅದಕ್ಕೆ ಬೇಕಾದ ಒಟಿಪಿ ಬರುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ.

ಈ ದೀರ್ಘ ಚರಿತ್ರೆಯಲ್ಲಿ ಪುರಾವೆಯ ಹೊರೆಯನ್ನು ಹಿಂದಕ್ಕೆ ತಿರುಗಿಸಿದ ಪ್ರಯತ್ನವೂ ಒಂದಿದೆ. 2021ರಲ್ಲಿ ಕಂದಾಯ ಇಲಾಖೆ ‘ಮನೆ ಬಾಗಿಲಿಗೆ ಮಾಸಾಶನ’ ಆರಂಭಿಸಿತು. ತನ್ನಲ್ಲೇ ಇರುವ ಮಾಹಿತಿಯಿಂದ 60 ತುಂಬಿದ ಬಡವರನ್ನು ಹುಡುಕಿ, ಗ್ರಾಮ ಲೆಕ್ಕಿಗರನ್ನು ಅವರ ಮನೆಗೇ ಕಳಿಸಿ ವೇತನ ಮಂಜೂರು ಮಾಡುವ ಕ್ರಮ ಇದು. 2022ರಲ್ಲಿ ಸಹಾಯವಾಣಿಗೆ ಕರೆ ಮಾಡಿದರೆ 72 ಗಂಟೆಯೊಳಗೆ ಮಂಜೂರಾತಿ ಎಂಬ ಕ್ರಮವೂ ಸೇರಿತು. ಅರ್ಜಿಯಿಲ್ಲದೆ ಹಕ್ಕು ದೊರಕುವ ಈ ಕಲ್ಪನೆಯನ್ನು ನಾನು 1965ರ ನಂತರದ ಅತಿ ಮುಖ್ಯ ಬದಲಾವಣೆ ಎಂದು ಎಣಿಸುತ್ತೇನೆ. ಅದು ನಿಲ್ಲುವುದೂ ಬೀಳುವುದೂ ಗ್ರಾಮ ಆಡಳಿತಾಧಿಕಾರಿಗಳ ಪುರುಸೊತ್ತಿನ ಮೇಲೆ. ಬೆಳೆಹಾನಿ ಸಮೀಕ್ಷೆ, ಚುನಾವಣೆ, ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರಗಳ ನಡುವೆ ಅವರು ಈ ಮನೆಗಳಿಗೆ ಹೋಗಬೇಕು. ಬರ ಬಿದ್ದ ವರ್ಷ ಜಗಳೂರಿನಲ್ಲಿ ಮುದುಕರಿಗೆ ಈ ಅಧಿಕಾರಿಗಳ ಅಗತ್ಯ ಹೆಚ್ಚು, ಅಧಿಕಾರಿಗಳಿಗೆ ಬಿಡುವು ಕಡಿಮೆ.

ಖರ್ಚಿನ ವಿಚಾರವಾಗಿ ಒಂದು ಮಾತು. 2007ರಲ್ಲಿ 400 ಇದ್ದ ಸಂಧ್ಯಾ ಸುರಕ್ಷಾ ಮೊತ್ತ 2021ರಲ್ಲಿ 1,000ದಿಂದ 1,200ಕ್ಕೆ ಏರಿತು, ವಿಧವಾ ವೇತನ 600ರಿಂದ 800ಕ್ಕೆ. ಇವು ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಏರಿಕೆಗಳಲ್ಲ. ಕಡತ ನೋಡುವ ನೌಕರರಿಗೆ ಜನವರಿ ಮತ್ತು ಜುಲೈನಿಂದ ಅನ್ವಯವಾಗುವಂತೆ ತುಟ್ಟಿಭತ್ಯೆ ಪರಿಷ್ಕರಣೆಯ ಪದ್ಧತಿಯಿದೆ. ಕಡತದೊಳಗಿನ ಹೆಸರಿಗೆ ಅಂಥ ಪದ್ಧತಿಯಿಲ್ಲ, ಮುಖ್ಯಮಂತ್ರಿಗಳ ಘೋಷಣೆ ಆಗಬೇಕು. ಇಬ್ಬರೂ ಒಂದೇ ಅಂಗಡಿಯಲ್ಲಿ ಬೇಳೆ ಕೊಳ್ಳುತ್ತಾರೆ.

ಫಲಾನುಭವಿಗಳ ವಿವರ ಮತ್ತು ಮೊತ್ತವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಪ್ರಕರಣ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿ ಗ್ರಾಮಸಭೆಗೂ ಪಾತ್ರ ಕೊಟ್ಟಿದೆ. ವಸತಿ ಫಲಾನುಭವಿಗಳ ಪಟ್ಟಿಯಂತೆ ವೇತನದ ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸತ್ತವರ ಹೆಸರೂ ಬಿಟ್ಟುಹೋದವರ ಹೆಸರೂ ಅಲ್ಲೇ ಹೊರಬರುತ್ತವೆ. ಅದಕ್ಕೆ ಹೊಸ ತಂತ್ರಾಂಶ ಬೇಕಾಗಿಲ್ಲ.

ಕೊನೆಯದಾಗಿ ಸಂಶೋಧಕರ ಕಡೆಯ ಒಂದು ಕೋರಿಕೆ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಕಡತಗಳಿಗೆ ವರ್ಗ ಕೊಟ್ಟು, ಅವಧಿ ಮುಗಿದ ಮೇಲೆ ನಾಶಪಡಿಸುವ ಕ್ರಮವಿದೆ. ಭೂದಾಖಲೆಗಳು ಶಾಶ್ವತವಾಗಿ ಉಳಿಯುತ್ತವೆ. ಮಂಜೂರಾದ ವೇತನದ ಲೆಕ್ಕ ಖಜಾನೆಯ ಅಂಕಿಗಳಲ್ಲಾದರೂ ಉಳಿಯುತ್ತದೆ. ತಿರಸ್ಕೃತ ಅರ್ಜಿಗಳು ಮಾತ್ರ ಎಲ್ಲಿಯೂ ಉಳಿಯುವುದಿಲ್ಲ. ಯಾವ ಹಳ್ಳಿಯ, ಯಾವ ಕೇರಿಯ, ಯಾವ ವಯಸ್ಸಿನ ಹೆಂಗಸನ್ನು ಯಾವ ಕಾಗದವಿಲ್ಲವೆಂದು ಹಿಂದೆ ಕಳಿಸಲಾಯಿತು ಎಂಬುದು ಇರುವುದು ಅವುಗಳಲ್ಲೇ. ಬಿಳಿಚೋಡು, ಸೊಕ್ಕೆ, ಕಸಬಾ ಹೋಬಳಿಗಳ ಅಂಥ ಅರ್ಜಿಗಳಲ್ಲಿ ಒಂದು ದಶಕದವಾದರೂ, ಹೆಸರು ಮರೆಮಾಡಿ, ರಾಜ್ಯ ಪತ್ರಾಗಾರಕ್ಕೆ ಸೇರುವಂತಾಗಬೇಕು.