ವಿದ್ಯಾರ್ಥಿನಿಲಯದ ಗೋಡೆ

ಮಹಾರಾಷ್ಟ್ರ, ಕರ್ನಾಟಕಗಳ ಗಡಿಸೀಮೆಯ ಸಾಸ್ತೂರ, ಮಾಕಣಿ ಮೊದಲಾದ ಹಳ್ಳಿಗಳಿಂದ ಉಮರ್ಗಾ, ನಿಲಂಗಾ, ಉದಗೀರಗಳ ಕಾಲೇಜುಗಳಿಗೆ ಓದಲೆಂದು ಹೊರಡುವ ತರುಣರು ವಸತಿಗೃಹಕ್ಕೆ ಸೇರುವ ದಿನ ಒಂದು ನಿಯಮಾವಳಿಗೆ ಸಹಿ ಹಾಕಬೇಕಾಗುತ್ತದೆ. ಅನುಮತಿಯಿಲ್ಲದೆ ಗೋಡೆಗೆ ಕಾಗದವನ್ನು ಅಂಟಿಸಕೂಡದು, ಕೋಣೆಯಿಂದ ಕೋಣೆಗೆ ತಿರುಗಿ ಮತವನ್ನಾಗಲಿ ವಂತಿಗೆಯನ್ನಾಗಲಿ ಯಾಚಿಸಕೂಡದು, ಹೊರಗಿನವರು ಗೊತ್ತಾದ ವೇಳೆಯಲ್ಲದೆ ಒಳಗೆ ಬರಕೂಡದು ಎಂಬರ್ಥದ ವಾಕ್ಯಗಳು ನಮ್ಮ ದೇಶದ ಬಹುಪಾಲು ವಿದ್ಯಾರ್ಥಿನಿಲಯಗಳ ನಿಯಮಗಳಲ್ಲಿ ಸಾಮಾನ್ಯವಾಗಿ ಇರುವಂಥವೇ. ಊಟದ ವೇಳೆ, ದೀಪವಾರಿಸುವ ವೇಳೆಗಳ ನಿಯಮಗಳಂತೆ ಇವನ್ನೂ ಹುಡುಗರು ಓದದೆಯೇ ಒಪ್ಪಿಕೊಳ್ಳುತ್ತಾರೆ. ಆದರೆ ಈ ಗಡಿಪ್ರದೇಶದಲ್ಲಿ ಇಂಥ ನಿಯಮಗಳಿಗೆ ಒಂದು ಘನವಾದ ಚರಿತ್ರೆಯುಂಟು. ವಿದ್ಯಾರ್ಥಿಯು ತಾನು ವಾಸಿಸುವ ಮನೆಯೊಳಗೆ ಏನನ್ನು ಹಾಡಬಹುದು, ಏನನ್ನು ಹಂಚಬಹುದು, ಬಾಗಿಲ ಮೇಲೆ ಯಾವ ಅಕ್ಷರಗಳನ್ನು ಬರೆಯಬಹುದು ಎಂಬ ಪ್ರಶ್ನೆಗಳ ಮೇಲೆ ಇಲ್ಲಿ ಶಾಲೆಗಳು ಹುಟ್ಟಿವೆ, ಬಹಿಷ್ಕಾರಗಳು ನಡೆದಿವೆ, ಒಂದು ರಾಜ್ಯದ ಪ್ರತಿಷ್ಠೆಯೇ ಕದಲಿದೆ.

1948ರವರೆಗೆ ಈ ಸೀಮೆಯೆಲ್ಲ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಎಂಟು ತೆಲುಗು ಜಿಲ್ಲೆಗಳು, ಐದು ಮರಾಠಿ ಜಿಲ್ಲೆಗಳು, ಮೂರು ಕನ್ನಡ ಜಿಲ್ಲೆಗಳು ಎಂದು ಆ ಸಂಸ್ಥಾನವನ್ನು ಲೆಕ್ಕ ಹಾಕುತ್ತಿದ್ದರಾದರೂ ಭಾಷೆಗಳ ಮೇರೆ ಜಿಲ್ಲೆಗಳ ಮೇರೆಗಳನ್ನು ಅನುಸರಿಸಿದುದಲ್ಲ. ಉದಗೀರ, ನಿಲಂಗಾ ತಾಲೂಕುಗಳು ಆಗ ಬೀದರ ಜಿಲ್ಲೆಗೆ ಸೇರಿದ್ದು, 1956ರ ಪುನರ್ವಿಂಗಡಣೆಯಲ್ಲಿ ಅದರಿಂದ ಬೇರ್ಪಟ್ಟವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡವನ್ನು, ಪೇಟೆಯಲ್ಲಿ ಮರಾಠಿಯನ್ನು, ಕಚೇರಿಯಲ್ಲಿ ಉರ್ದುವನ್ನು ಆಡುವುದು ಇಲ್ಲಿಯ ಜನರಿಗೆ ಸಹಜವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಸಾಹಸವನ್ನು ಕೈಗೊಂಡದ್ದು ನಿಜವಾಗಿಯೂ ಶ್ಲಾಘನೀಯವೇ; ಆದರೆ ಆ ಭಾಷೆಯು ಉರ್ದುವೊಂದೇ ಆದುದರಿಂದ, ಸಂಸ್ಥಾನದ ಬಹುಜನರ ಮಾತುಗಳು ಆ ಜ್ಞಾನಮಂದಿರದ ಹೊರಗೇ ಉಳಿದವು.

ಭಾಷೆಯ ಸಂಕೋಚಕ್ಕೆ ಸಭೆಯ ಸಂಕೋಚವೂ ಕೂಡಿಬಂದಿತು. 1920ರ ದಶಕದಲ್ಲಿ ಹೊರಟ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯು ಸರಕಾರದ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆಗಳನ್ನು ನೆರೆಸದಂತೆ ಕಟ್ಟುಮಾಡಿತು. ಸಭೆ ಸೇರಲು ಅನುಮತಿ ಬೇಕು, ಖಾಸಗಿ ಶಾಲೆ ತೆರೆಯಲು ಅನುಮತಿ ಬೇಕು ಎಂಬ ರಾಜ್ಯದಲ್ಲಿ ರಾಜಕೀಯದ ಮಾತು ಬಯಲನ್ನು ಬಿಟ್ಟು ಮನೆಯೊಳಗೆ ಸೇರುವುದು ಸ್ವಾಭಾವಿಕ. ಹಲವು ಹಳ್ಳಿಗಳ ಯುವಕರು ಒಂದೇ ಸೂರಿನಡಿ ಉಂಡು ಮಲಗುವ ಮನೆಯೆಂದರೆ ವಿದ್ಯಾರ್ಥಿನಿಲಯವೊಂದೇ. ಬಯಲಿನ ಸಭೆಯನ್ನು ನಿಷೇಧಿಸಿದ ಸರಕಾರವು ತಾನರಿಯದೆಯೇ ವಸತಿಗೃಹದ ಜಗಲಿಯನ್ನು ಸಭಾಮಂಟಪವನ್ನಾಗಿ ಮಾಡಿತು.

ಸಾಸ್ತೂರವಿರುವ ಲೋಹಾರಾ ತಾಲೂಕಿನಲ್ಲಿಯೇ ಇರುವ ಹಿಪ್ಪರಗಾ ಗ್ರಾಮದಲ್ಲಿ 1921ರಲ್ಲಿ ಒಂದು ರಾಷ್ಟ್ರೀಯ ಶಾಲೆ ಪ್ರಾರಂಭವಾಯಿತು. ಈ ಶಾಲೆಗೆ 1929ರಲ್ಲಿ ಮುಖ್ಯಾಧ್ಯಾಪಕರಾಗಿ ಬಂದವರು ವ್ಯಂಕಟೇಶ ಖೇಡಗೀಕರ ಎಂಬ ತರುಣರು. 1903ರಲ್ಲಿ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿ, ಅಸಹಕಾರದ ಕರೆಗೆ ಓಗೊಟ್ಟು ಸರಕಾರಿ ಶಿಕ್ಷಣವನ್ನು ತೊರೆದು, ಪುಣೆಯ ತಿಲಕ ವಿದ್ಯಾಪೀಠದಲ್ಲಿ ಅಧ್ಯಯನ ಮಾಡಿ, ಕಾರ್ಮಿಕ ಧುರೀಣ ಎನ್. ಎಂ. ಜೋಶಿಯವರೊಡನೆ ದುಡಿದು ಬಂದಿದ್ದ ಅವರು, 1930ರ ಜನವರಿ 14ರಂದು ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ರಾಮಾನಂದ ತೀರ್ಥರಾದರು. ಶಿಷ್ಯರೊಡನೆ ಒಂದೇ ಆವರಣದಲ್ಲಿ ಬಾಳಿ, ನುಡಿಗಿಂತ ನಡೆಯಿಂದ ಕಲಿಸುವ ಪದ್ಧತಿ ಅವರದು. 1935ರಲ್ಲಿ ಅವರು ಅಂಬಾಜೋಗಾಯಿಗೆ ತೆರಳಿದರಾದರೂ, ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೂಡಿಯೇ ಸಾರ್ವಜನಿಕ ಜೀವನಕ್ಕೆ ಇಳಿಯಬಹುದೆಂಬ ಧೈರ್ಯವು ಈ ಸೀಮೆಯಲ್ಲಿ ನೆಲೆಯೂರಿತು.

ಉದಗೀರದಿಂದ ಬೀದರದ ಕಡೆಗೆ ಹೋಗುವ ದಾರಿಯಲ್ಲಿರುವ ಕಮಲನಗರದಲ್ಲಿ ಅದೇ ಕಾಲದಲ್ಲಿ ನಡೆದ ಇನ್ನೊಂದು ಸಂಗತಿ ಕನ್ನಡಿಗರೆಲ್ಲರ ಸ್ಮರಣೆಗೆ ಯೋಗ್ಯವಾದುದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ತಮ್ಮ ಜನ್ಮಸ್ಥಳವಾದ ಆ ಊರಿನಲ್ಲಿ ಶಾಲೆಯನ್ನು ತೆರೆದಾಗ ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಬಡ ಮಕ್ಕಳಿಗೆ ಪ್ರಸಾದನಿಲಯವನ್ನು ನಡೆಸಿ, ಅನ್ನದೊಡನೆ ಅಕ್ಷರವನ್ನೂ ಉಣಿಸಿ, 1999ರವರೆಗೆ ಬಾಳಿ, ನೂರನ್ನು ದಾಟಿದ ತುಂಬು ಆಯುಷ್ಯವನ್ನು ಈ ಗಡಿನಾಡಿಗೆ ಸಮರ್ಪಿಸಿದ ಆ ಮಹನೀಯರು, ಆಳುವವರ ನಿಯಮವನ್ನು ಗೋಡೆಯ ಹೊರಮೈಗೆ ಬಿಟ್ಟುಕೊಟ್ಟು ಒಳಮೈಯನ್ನು ತಾಯ್ನುಡಿಗಾಗಿ ಕಾಯ್ದುಕೊಂಡರು. ಫಲಕದ ಮೇಲೆ ಯಾವ ಲಿಪಿಯಿರಬೇಕೆಂಬುದನ್ನು ಒಂದು ಆಜ್ಞೆಯು ನಿರ್ಧರಿಸಬಲ್ಲುದು. ಕೋಣೆಯೊಳಗಿನ ಮಕ್ಕಳು ಯಾವ ನುಡಿಯಲ್ಲಿ ಯೋಚಿಸಬೇಕೆಂಬುದು ಅದರ ವಶದಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ವಸತಿಗೃಹದ ನಿಯಮವೇ ಒಂದು ಚಳವಳಿಯ ಕೇಂದ್ರವಾದದ್ದು 1938ರಲ್ಲಿ. ಆ ವರ್ಷ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷಿದ್ಧವಾಗಿ, ಅಕ್ಟೋಬರಿನಲ್ಲಿ ಸತ್ಯಾಗ್ರಹ ಮೊದಲಾಗಿ, ರಾಮಾನಂದ ತೀರ್ಥರು ಸೆರೆಮನೆಗೆ ಹೋದರು. ಆರ್ಯಸಮಾಜದ ಸತ್ಯಾಗ್ರಹವೂ ಜೊತೆಗೂಡಿತು. ಹೊರಗೆ ಹೀಗೆ ಕಾವೇರಿರಲು, ಔರಂಗಾಬಾದಿನ ಇಂಟರ್‌ಮೀಡಿಯೆಟ್ ಕಾಲೇಜಿನ ವಸತಿಗೃಹದಲ್ಲಿಯೂ, ಅನಂತರ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹದಲ್ಲಿಯೂ ಹಿಂದೂ ವಿದ್ಯಾರ್ಥಿಗಳು ತಮಗೆ ಮೀಸಲಾದ ಪ್ರಾರ್ಥನಾಮಂದಿರದಲ್ಲಿ ವಂದೇ ಮಾತರಂ ಗೀತೆಯನ್ನು ಹಾಡತೊಡಗಿದರು. ಗೀತೆಯು ರಾಜಕೀಯವಾದುದು, ವಿವಾದಾಸ್ಪದವಾದುದು, ಆದುದರಿಂದ ವಸತಿಗೃಹದಲ್ಲಿ ಅದಕ್ಕೆ ಎಡೆಯಿಲ್ಲ ಎಂಬುದು ಅಧಿಕಾರಿಗಳ ವಾದ. ಪ್ರಾರ್ಥನೆಗೆಂದು ಕೊಟ್ಟ ಕೋಣೆಯಲ್ಲಿ ಏನನ್ನು ಪ್ರಾರ್ಥಿಸಬೇಕೆಂಬುದು ಪ್ರಾರ್ಥಿಸುವವರ ಹಕ್ಕು ಎಂಬುದು ವಿದ್ಯಾರ್ಥಿಗಳ ವಾದ. ನವೆಂಬರ ತಿಂಗಳಲ್ಲಿ ಮುಷ್ಕರ ಹೂಡಿದ ವಿದ್ಯಾರ್ಥಿಗಳು ಕ್ಷಮಾಪಣೆಯನ್ನು ಬರೆದುಕೊಡಲು ಒಪ್ಪದೆ ಹೋದುದರಿಂದ ವಸತಿಗೃಹಗಳಿಂದಲೂ ಕಾಲೇಜುಗಳಿಂದಲೂ ಹೊರಹಾಕಲ್ಪಟ್ಟರು. ಚಳವಳಿಯು ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿ, ಕನ್ನಡದ ಹುಡುಗರೂ ಅದೇ ದಂಡನೆಗೆ ಗುರಿಯಾದರು.

ಹೊರದೂಡಲ್ಪಟ್ಟ ಆ ತರುಣರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ. ಅದರ ಉಪಕುಲಪತಿಗಳಾಗಿದ್ದ ಟಿ. ಜೆ. ಕೇದಾರರು ಈ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಅವರ ಓದು ಕಡಿದುಹೋಗದಂತೆ ಕಾಪಾಡಿದರು; ಹಾಗೆ ಅಲ್ಲಿಗೆ ಹೋದವರಲ್ಲಿ ಮುಂದೆ ಭಾರತದ ಪ್ರಧಾನಿಯಾದ ಪಿ. ವಿ. ನರಸಿಂಹರಾಯರೂ ಒಬ್ಬರು. ವಸತಿಗೃಹದ ಶಾಂತಿಗಾಗಿ ಮಾಡಿದೆವೆಂದು ಹೇಳಲಾದ ನಿಯಮವು ಶಾಂತಿಯನ್ನಂತೂ ಕಾಯಲಿಲ್ಲ. ಚದುರಿಹೋಗುತ್ತಿದ್ದ ಮರಾಠಿ, ತೆಲುಗು, ಕನ್ನಡ ಯುವಕರನ್ನು ಒಂದು ವ್ರತದಲ್ಲಿ ಬಂಧಿಸಿ, ಮುಂದಿನ ಹತ್ತು ವರ್ಷಗಳ ಮುಕ್ತಿಸಂಗ್ರಾಮಕ್ಕೆ ಕಾರ್ಯಕರ್ತರ ಒಂದು ಪೀಳಿಗೆಯನ್ನೇ ಸಿದ್ಧಪಡಿಸಿತು. ಅದೇ 1938ರ ಡಿಸೆಂಬರಿನಲ್ಲಿ ಉದಗೀರದ ಆರ್ಯಸಮಾಜದ ಮುಖಂಡ ಶ್ಯಾಮಲಾಲರು ಬೀದರದ ಸೆರೆಮನೆಯಲ್ಲಿ ಪ್ರಾಣಬಿಟ್ಟರು. ಉದಗೀರದಲ್ಲಿ ಅವರ ಹೆಸರನ್ನು ಹೊತ್ತ ಶಾಲೆಯಲ್ಲಿ ಇಂದಿಗೂ ಮಕ್ಕಳು ಓದುತ್ತಿದ್ದಾರೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಕೊನೆಗೊಂಡ ಮೇಲೆ ಈ ಗೋಡೆಗಳ ಮೇಲಿನ ಪ್ರಶ್ನೆಯು ಬೇರೊಂದು ರೂಪವನ್ನು ತಳೆಯಿತು. 1958ರಲ್ಲಿ ಔರಂಗಾಬಾದಿನಲ್ಲಿ ಮರಾಠವಾಡಾ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಹಳ್ಳಿಯ ಮಕ್ಕಳು ವಸತಿಗೃಹಗಳನ್ನು ತುಂಬಿದರು. ಅವರೊಡನೆ ಪಕ್ಷಗಳೂ, ಸಂಘಟನೆಗಳೂ, ಚುನಾವಣೆಯ ಕರಪತ್ರಗಳೂ ಒಳಬಂದವು. ಆ ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರಿಡಬೇಕೆಂಬ ಆಂದೋಲನವು 1978ರಿಂದ 1994ರವರೆಗೆ ನಡೆದು, ಹಲವರ ಮನೆ ಮತ್ತು ಪ್ರಾಣಗಳನ್ನು ಆಹುತಿ ಪಡೆಯಿತು. ತನ್ನ ವಿದ್ಯಾಲಯದ ಹೆಸರಿನಲ್ಲಿ ತನಗೂ ಒಂದು ಪಾಲುಂಟೆಂದು ದಲಿತ ವಿದ್ಯಾರ್ಥಿಯು ಹೇಳಿಕೊಳ್ಳಲು ಅವನ ಕೈಯಲ್ಲಿದ್ದ ಸಾಧನಗಳೆಂದರೆ ಹಾಡು, ಮೆರವಣಿಗೆ, ಹಾಳೆಯ ಮೇಲಿನ ನಾಲ್ಕು ಸಾಲು. ಗೋಡೆಯ ಹಕ್ಕು ಕೇವಲ ಅಲಂಕಾರದ ಮಾತಲ್ಲವೆಂಬುದನ್ನು ಈ ಆಂದೋಲನವು ಮತ್ತೊಮ್ಮೆ ಮನಗಾಣಿಸಿತು.

ಇನ್ನೊಂದು ಕಡೆಯಲ್ಲಿ, ಪ್ರಚಾರದ ಸ್ವಾತಂತ್ರ್ಯವು ಹಣ ಮತ್ತು ತೋಳ್ಬಲಗಳ ಕೈಗೆ ಸಿಕ್ಕಿದಾಗ ವಸತಿಗೃಹವು ಎಂಥ ದುರವಸ್ಥೆಗೆ ಇಳಿಯಬಲ್ಲುದೆಂಬುದನ್ನೂ ಅದೇ ಕಾಲವು ತೋರಿಸಿಕೊಟ್ಟಿತು. 1989ರಲ್ಲಿ ಮುಂಬಯಿಯಲ್ಲಿ ಕಾಲೇಜು ಚುನಾವಣೆಯ ವೈರದಲ್ಲಿ ಓರ್ವ ವಿದ್ಯಾರ್ಥಿಯ ಕೊಲೆಯಾಯಿತು; ಮಹಾರಾಷ್ಟ್ರದ 1994ರ ವಿಶ್ವವಿದ್ಯಾಲಯ ಕಾಯಿದೆಯು ನೇರ ಚುನಾವಣೆಯನ್ನು ತೆಗೆದು, ಪರೀಕ್ಷೆಯ ಅಂಕಗಳನ್ನು ನೋಡಿ ಪ್ರತಿನಿಧಿಗಳನ್ನು ನೇಮಿಸುವ ಕ್ರಮವನ್ನು ತಂದಿತು. ಕರ್ನಾಟಕದಲ್ಲಿಯೂ ಸುಮಾರು ಅದೇ ಹೊತ್ತಿಗೆ ವಿದ್ಯಾರ್ಥಿಸಂಘಗಳ ಚುನಾವಣೆ ನಿಂತುಹೋಯಿತು. ಮಹಾರಾಷ್ಟ್ರದ 2016ರ ಕಾಯಿದೆಯು ಚುನಾವಣೆಗೆ ಮತ್ತೆ ಸ್ಥಾನ ಕಲ್ಪಿಸಿತು.

ಅಂಕೆಯಿಲ್ಲದ ಪ್ರಚಾರ, ಚುನಾವಣೆಯ ರದ್ದತಿ ಎಂಬ ಎರಡು ಅತಿಗಳ ನಡುವೆ ಒಂದು ಮಧ್ಯಮಮಾರ್ಗವನ್ನು ಅರಸಿದ್ದು, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ. ಎಂ. ಲಿಂಗ್ಡೋ ಅವರ ಅಧ್ಯಕ್ಷತೆಯ ಸಮಿತಿ. 2006ರ ಸೆಪ್ಟೆಂಬರ 22ರಂದು ಸರ್ವೋಚ್ಚ ನ್ಯಾಯಾಲಯವು ಅದರ ಶಿಫಾರಸುಗಳನ್ನು ಜಾರಿಗೆ ತರುವಂತೆ ಆದೇಶಿಸಿತು. ಅಭ್ಯರ್ಥಿಯ ವೆಚ್ಚ 5000 ರೂಪಾಯಿಗಳನ್ನು ಮೀರಕೂಡದು. ಅಚ್ಚುಮಾಡಿದ ಭಿತ್ತಿಪತ್ರ, ಕರಪತ್ರಗಳನ್ನು ಬಳಸಕೂಡದು. ಕೈಯಿಂದ ಬರೆದ ಭಿತ್ತಿಪತ್ರಗಳನ್ನು ಮಾತ್ರ, ಮುಂಚಿತವಾಗಿ ಗೊತ್ತುಮಾಡಿದ ಸ್ಥಳಗಳಲ್ಲಿಯೇ ಹಚ್ಚತಕ್ಕದ್ದು. ಪ್ರಚಾರಕ್ಕೆ ಧ್ವನಿವರ್ಧಕಗಳನ್ನೂ ವಾಹನಗಳನ್ನೂ ಉಪಯೋಗಿಸಕೂಡದು. ನಾಮಪತ್ರದಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ ಹತ್ತು ದಿನಗಳೊಳಗೆ ಮುಗಿಯತಕ್ಕದ್ದು. ಮುದ್ರಣಾಲಯದ ಮಾಲೀಕನ ಮಗನಿಗೂ ಹೊಲದಾಳಿನ ಮಗನಿಗೂ ಒಂದೇ ಮಸಿ, ಒಂದೇ ಹಾಳೆ, ಒಂದೇ ಗೋಡೆ ದೊರೆಯಬೇಕೆಂಬ ನ್ಯಾಯದೃಷ್ಟಿ ಈ ನಿಯಮಗಳಲ್ಲಿ ಅಡಗಿದೆ. ಇಲ್ಲಿ ನಿರ್ಬಂಧಕ್ಕೆ ಒಳಗಾದದ್ದು ಹಣದ ಅಬ್ಬರ, ವಿಚಾರವಲ್ಲ.

1938ರ ನಿಷೇಧವನ್ನೂ 2006ರ ನಿರ್ಬಂಧವನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಎರಡರ ಅಂತರ ಸುಲಭವಾಗಿ ತಿಳಿಯುವುದು. ಮೊದಲನೆಯದು ಹಾಡಿನ ಅರ್ಥವನ್ನು ವಿಚಾರಿಸಿತು. ಎರಡನೆಯದು ಕಾಗದದ ಸ್ಥಳವನ್ನೂ ವೆಚ್ಚವನ್ನೂ ವಿಚಾರಿಸುತ್ತದೆ. ಮೊದಲನೆಯದು ಆಳುವವರನ್ನು ಆಳಿಸಿಕೊಳ್ಳುವವರ ಮಾತಿನಿಂದ ರಕ್ಷಿಸಲು ಹೊರಟಿತು. ಎರಡನೆಯದು ದುರ್ಬಲನಾದ ವಿದ್ಯಾರ್ಥಿಯನ್ನು ಪ್ರಬಲನಾದ ವಿದ್ಯಾರ್ಥಿಯಿಂದ ರಕ್ಷಿಸಲು ಹೊರಟಿದೆ. ವಸತಿಗೃಹದ ಯಾವುದೇ ನಿಯಮವನ್ನು ಪರೀಕ್ಷಿಸುವಾಗ ಇದು ಯಾರನ್ನು ಕಾಯುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆಯೆಂದು ನಾನು ಬಲವಾಗಿ ನಂಬುತ್ತೇನೆ.

ಏಕೆಂದರೆ ವಸತಿಗೃಹವು ಮೊದಲು ಮನೆ, ಆಮೇಲೆ ವಿದ್ಯಾಲಯದ ಅಂಗ. 1993ರ ಸೆಪ್ಟೆಂಬರ 30ರ ಬೆಳಗಿನ ಜಾವದಲ್ಲಿ ಕಿಲ್ಲಾರಿ, ಸಾಸ್ತೂರಗಳ ಸೀಮೆಯ ಕಲ್ಲುಮಣ್ಣಿನ ಮನೆಗಳನ್ನು ಭೂಕಂಪವು ನೆಲಸಮ ಮಾಡಿದಾಗ, ಈ ಹಳ್ಳಿಗಳ ಸಾವಿರಕ್ಕೂ ಮಿಕ್ಕಿದ ಮಕ್ಕಳನ್ನು ಭಾರತೀಯ ಜೈನ ಸಂಘಟನೆಯು ಪುಣೆಗೆ ಕರೆದೊಯ್ದು ವಸತಿಶಾಲೆಯಲ್ಲಿಟ್ಟು ಓದಿಸಿತು. ಬೇರೆ ಮನೆಯೇ ಉಳಿಯದ ಮಗುವಿಗೆ ಹಾಸಿಗೆಯಿರುವ ಕೋಣೆಯೇ ಮನೆ. ಆ ಕೋಣೆಯ ಬಾಗಿಲನ್ನು ಮಧ್ಯರಾತ್ರಿಯಲ್ಲಿ ತಟ್ಟಿ ಮತ ಕೇಳುವವನಿಗೆ ಬೇಡವೆನ್ನುವ ಅಧಿಕಾರ, ಪರೀಕ್ಷೆಯ ಹಿಂದಿನ ದಿನ ಮೌನವನ್ನು ಬಯಸುವ ಅಧಿಕಾರ, ತನ್ನ ಬಾಗಿಲ ಮೇಲೆ ಬೇರೆಯವರ ಘೋಷಣೆಯನ್ನು ಅಂಟಿಸಗೊಡದ ಅಧಿಕಾರ ಅದರಲ್ಲಿ ವಾಸಿಸುವವನದು. ಹೊರಗಿನವರ ಪ್ರವೇಶಕ್ಕೆ ಹೊತ್ತು ಗೊತ್ತುಗಳನ್ನು ಕಟ್ಟುವುದು, ಬಾಲಕಿಯರ ವಸತಿಗೃಹದಲ್ಲಿ ಆ ಕಟ್ಟನ್ನು ಇನ್ನಷ್ಟು ಎಚ್ಚರದಿಂದ ಪಾಲಿಸುವುದು, ಕಾಗದದ ಅಡಿಯಲ್ಲಿ ಹಚ್ಚಿದವರ ಹೆಸರು, ದಿನಾಂಕಗಳನ್ನು ಅಪೇಕ್ಷಿಸುವುದು, ಕಾಲ ಕಳೆದ ಕಾಗದವನ್ನು ಹಚ್ಚಿದವರೇ ತೆಗೆಯುವಂತೆ ಮಾಡುವುದು ಇವೆಲ್ಲ ಯೋಗ್ಯವಾದ ನಿಯಮಗಳೇ ಸರಿ.

ಆದರೆ ಮನೆಯೆಂದ ಮೇಲೆ ಅಲ್ಲಿ ಮಾತೂ ಇರಲೇಬೇಕು. ಬೋರ್ಡಿನ ಮೇಲೆ ಶುಲ್ಕದ ಸೂಚನೆಗೆ ಇರುವಷ್ಟೇ ಜಾಗವು ಶುಲ್ಕ ಹೆಚ್ಚಾಯಿತೆಂಬ ದೂರಿಗೂ ಇರಬೇಕು. ಹಚ್ಚುವ ಕಾಗದಕ್ಕೆ ಅನುಮತಿಯ ಸಹಿ ಹಾಕುವ ವಸತಿಗೃಹದ ರೆಕ್ಟರರು ಬರಹದ ಅಭಿಪ್ರಾಯವನ್ನು ತೂಗದೆ ಅದರ ಹೊಣೆ ಹೊತ್ತವರು ಯಾರೆಂಬುದನ್ನಷ್ಟೇ ನೋಡಬೇಕು. ನಿರಾಕರಿಸಿದರೆ ಕಾರಣವನ್ನು ಬರೆದುಕೊಡಬೇಕು. ಈ ಗಡಿಯ ವಸತಿಗೃಹದಲ್ಲಿ ಕನ್ನಡದ ಹುಡುಗನು ಕನ್ನಡದಲ್ಲಿ ಒಂದು ಹಾಳೆಯನ್ನು ಬರೆದು ಹಚ್ಚಿದರೆ ಮರಾಠಿಯ ಹಾಳೆಗೆ ಸಲ್ಲುವ ಮರ್ಯಾದೆ ಅದಕ್ಕೂ ಸಲ್ಲಬೇಕು. ಬೀದರ, ಭಾಲ್ಕಿಗಳ ವಸತಿಗೃಹಗಳಲ್ಲಿ ಮರಾಠಿಯ ಹುಡುಗನಿಗೂ ಅದೇ ನ್ಯಾಯ.

ಉದಗೀರ, ನಿಲಂಗಾಗಳ ಕಾಲೇಜುಗಳು ಇಂದು 1994ರಲ್ಲಿ ನಾಂದೇಡದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು ಹಿಪ್ಪರಗಾದ ಮುಖ್ಯಾಧ್ಯಾಪಕರಾಗಿದ್ದ ಸ್ವಾಮಿ ರಾಮಾನಂದ ತೀರ್ಥರ ಹೆಸರನ್ನು ಹೊತ್ತಿದೆ. ನಿಷೇಧಾಜ್ಞೆಯನ್ನು ಮುರಿದು ಸೆರೆಮನೆಗೆ ಹೋದವರ ಹೆಸರಿನ ವಿದ್ಯಾಪೀಠದಲ್ಲಿ ವಸತಿಗೃಹದ ನಿಯಮಗಳನ್ನು ಬರೆಯುವವರ ಹೊಣೆ ಸಾಮಾನ್ಯವಾದುದಲ್ಲ. ವಿದ್ಯಾರ್ಥಿಯ ನಿದ್ರೆಯನ್ನೂ ಓದನ್ನೂ ಕಾಯುವ ಕಟ್ಟಳೆಯನ್ನು ಅವರು ನಿಸ್ಸಂಕೋಚವಾಗಿ ವಿಧಿಸಲಿ. ತಮ್ಮ ಕಿವಿಗೆ ಹಿತವಲ್ಲದ ಮಾತನ್ನು ತಡೆಯುವ ಕಟ್ಟಳೆಯನ್ನು ಮಾತ್ರ ಎಂದೂ ವಿಧಿಸದಿರಲಿ. ಅಂಥ ಕಟ್ಟಳೆಯ ಫಲವೇನೆಂಬುದನ್ನು ನಿಜಾಮರ ರಾಜ್ಯವು ತನ್ನದೇ ವಸತಿಗೃಹಗಳಲ್ಲಿ ಕಂಡುಕೊಂಡಿತು.